ತಂತ್ರಾಂಶ ಬದಲಾದಾಗ ಭಾಷಾ ಸಮೀಕ್ಷೆಯ ಮರುಪರಿಶೀಲನೆ: ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಿದರ್ಶನದಲ್ಲಿ

ಶಾಸನದ ಪಾಠವೊಂದನ್ನು ಒಪ್ಪುವ ಮೊದಲು ಅಚ್ಚುಪಡಿಯನ್ನು ಕಾಣಬೇಕೆಂಬುದು ಶಾಸನಾಧ್ಯಯನದ ಶಿಸ್ತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. 1925ರಲ್ಲಿ ಹುಲ್ಟ್ಷ್ ಅದನ್ನು ಅಶೋಕನ ಶಾಸನಗಳ ಸಂಪುಟದಲ್ಲಿ ಪುನಃ ಸಂಪಾದಿಸಿದರು. ಬಂಡೆ ಇರುವವರೆಗೆ ಓದನ್ನು ಪರೀಕ್ಷಿಸುವ ದಾರಿ ತೆರೆದೇ ಇರುತ್ತದೆ. ಅಂಕಿಗಳನ್ನು ಆಧರಿಸಿದ ಭಾಷಾ ಸಂಶೋಧನೆಗೆ ಇಂತಹ ಶಿಸ್ತು ಇನ್ನೂ ಗಟ್ಟಿಯಾಗಬೇಕಿದೆ.

ಹಿಂದಿನ ಸಂಶೋಧಕರು ಎಸ್‌ಪಿಎಸ್‌ಎಸ್ ತಂತ್ರಾಂಶದಲ್ಲಿ ಪಡೆದ ಫಲಿತವನ್ನು ಇಂದಿನ ಸಂಶೋಧಕರು ಉಚಿತವಾಗಿ ದೊರೆಯುವ ಆರ್ ಅಥವಾ ಪೈಥಾನ್‌ನಲ್ಲಿ ಪುನಃ ಪಡೆಯಲೆತ್ನಿಸಿದಾಗ ಅಂಕಿಗಳು ಹೊಂದದಿರುವುದುಂಟು. ಆಗ ಹಿಂದಿನ ಅಧ್ಯಯನವೇ ತಪ್ಪೆಂದು ತೀರ್ಮಾನಿಸುವುದು ಅವಸರವಾದೀತು. ತಂತ್ರಾಂಶದ ಭೇದವೆಂದು ಬಿಟ್ಟುಬಿಡುವುದು ನಿಜವಾದ ದೋಷವನ್ನು ಮುಚ್ಚೀತು. ಎರಡನ್ನೂ ಬೇರ್ಪಡಿಸುವ ಕ್ರಮವೇ ಇಲ್ಲಿನ ವಿಷಯ.

1. ಆಧಾರ ವರ್ಗದ ಪ್ರಶ್ನೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಇದೆ' ಎಂಬುದಕ್ಕೆ ಪ್ರತಿಯಾಗಿ 'ಐತಿ', 'ಅದ' ಎಂಬ ರೂಪಗಳು ಕೇಳಿಬರುತ್ತವೆ. ಮೂರು ಊರುಗಳಲ್ಲಿ ತಲಾ 100 ಭಾಷಿಕರನ್ನು ಮಾತನಾಡಿಸಲಾಗಿ, 'ಅದ' ಬಳಸಿದವರು ಮಸ್ಕಿಯಲ್ಲಿ 40, ಲಿಂಗಸುಗೂರಿನಲ್ಲಿ 50, ಸಿಂಧನೂರಿನಲ್ಲಿ 25 ಎಂದು ಭಾವಿಸೋಣ. ಇವು ವಿವರಣೆಗಾಗಿ ಕಲ್ಪಿಸಿದ ಅಂಕಿಗಳೇ ಹೊರತು ಸಮೀಕ್ಷೆಯ ಫಲಿತಗಳಲ್ಲ. ಬಳಸಿದವರ ಸಂಖ್ಯೆಯನ್ನು ಬಳಸದವರ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವ ಪ್ರಮಾಣಗಳು ಕ್ರಮವಾಗಿ 2/3, 1 ಮತ್ತು 1/3.

ಲಾಜಿಸ್ಟಿಕ್ ವಿಶ್ಲೇಷಣೆಯು ಒಂದು ಊರನ್ನು ಆಧಾರವಾಗಿರಿಸಿಕೊಂಡು ಉಳಿದವನ್ನು ಅದರೊಡನೆ ಹೋಲಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಆರ್ ಮೊದಲ ವರ್ಗವನ್ನೂ, ಎಸ್‌ಪಿಎಸ್‌ಎಸ್ ಕೊನೆಯ ವರ್ಗವನ್ನೂ ಆಧಾರವಾಗಿ ಸ್ವೀಕರಿಸುತ್ತವೆ. ಊರುಗಳ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅಕ್ಷರಾನುಕ್ರಮವು ಮಸ್ಕಿ, ಲಿಂಗಸುಗೂರು, ಸಿಂಧನೂರು ಎಂದಾಗುತ್ತದೆ. ಆಗ ಆರ್‌ನಲ್ಲಿ ಆಧಾರ ಮಸ್ಕಿ. ಲಿಂಗಸುಗೂರಿನ ಅನುಪಾತ 1.5, ಸಿಂಧನೂರಿನದು 0.5. ಅದೇ ಕ್ರಮದಲ್ಲಿ ಎಸ್‌ಪಿಎಸ್‌ಎಸ್‌ನ ಆಧಾರ ಸಿಂಧನೂರು. ಮಸ್ಕಿಯದು 2, ಲಿಂಗಸುಗೂರಿನದು 3. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸಿದರೆ ಲಿಂಗಸುಗೂರು ಮೊದಲಾಗುವುದರಿಂದ ಆರ್‌ನ ಆಧಾರವೂ ಅದೇ ಆಗಿ, ಮಸ್ಕಿಯದು 0.67, ಸಿಂಧನೂರಿನದು 0.33 ಎಂದು ಬರುತ್ತದೆ.

ಮೂರು ಪಟ್ಟಿಗಳೂ ಒಂದೇ ಸತ್ಯವನ್ನು ಹೇಳುತ್ತವೆ. 1.5ನ್ನು 0.5ರಿಂದ ಭಾಗಿಸಿದರೆ 3 ದೊರೆಯುತ್ತದೆ. ಪ್ರತಿ ಊರಿಗೆ ಮಾದರಿ ಅಂದಾಜಿಸುವ ಶೇಕಡಾವಾರು ಎಲ್ಲ ಪಟ್ಟಿಗಳಲ್ಲಿಯೂ 40, 50, 25 ಆಗಿಯೇ ಉಳಿಯುತ್ತದೆ. ಆದುದರಿಂದ ಗುಣಾಂಕಗಳನ್ನು ಹೋಲಿಸುವ ಮೊದಲು ಈ ಅಂದಾಜುಗಳನ್ನು ಹೋಲಿಸುವುದು ಉಚಿತ. ಇವೂ ಭಿನ್ನವಾದರೆ ಮಾತ್ರ ದತ್ತಾಂಶ ಅಥವಾ ಮಾದರಿಯಲ್ಲಿ ವ್ಯತ್ಯಾಸವಿದೆಯೆಂದು ಶಂಕಿಸಬಹುದು.

ವರ್ಗೀಕರಣವೇ ಬದಲಾಗಿರುವ ಸಾಧ್ಯತೆಯೂ ಇದೆ. 2011ರ ಜನಗಣತಿಯಲ್ಲಿ ಮಸ್ಕಿ ಪಟ್ಟಣವು ಲಿಂಗಸುಗೂರು ತಾಲೂಕಿನಲ್ಲಿತ್ತು. ಅನಂತರ ಅದು ಪ್ರತ್ಯೇಕ ತಾಲೂಕು ಕೇಂದ್ರವಾಯಿತು. ಹಳೆಯ ಸಮೀಕ್ಷೆಯ 'ಲಿಂಗಸುಗೂರು ತಾಲೂಕು' ಇಂದಿನದಲ್ಲ. ಗ್ರಾಮದ ಹೆಸರನ್ನು ದಾಖಲಿಸದೆ ತಾಲೂಕನ್ನಷ್ಟೇ ದಾಖಲಿಸಿದ ಸಮೀಕ್ಷೆಯನ್ನು ಯಾವ ತಂತ್ರಾಂಶವೂ ಸರಿಹೊಂದಿಸಲಾರದು.

2. ಸೂತ್ರಗಳ ಭೇದ

ಪದಗಳ ಉದ್ದ 2, 3, 4 ಎಂದಿದ್ದರೆ ಆರ್ ಮತ್ತು ಎಸ್‌ಪಿಎಸ್‌ಎಸ್ ನೀಡುವ ಪ್ರಮಾಣ ವಿಚಲನೆ 1. ಪೈಥಾನ್‌ನ ನಂಪೈ ತಾನಾಗಿ ನೀಡುವುದು 0.816. ಮೊದಲಿನವು ಒಟ್ಟು ಸಂಖ್ಯೆಯಲ್ಲಿ ಒಂದನ್ನು ಕಳೆದು ಭಾಗಿಸುತ್ತವೆ, ನಂಪೈ ಕಳೆಯುವುದಿಲ್ಲ. 1, 2, 3, 4 ಎಂಬ ಅಂಕಿಗಳ ಮೊದಲ ಚತುರ್ಥಕ ಆರ್‌ನಲ್ಲಿ 1.75, ಎಸ್‌ಪಿಎಸ್‌ಎಸ್‌ನಲ್ಲಿ 1.25. ಮಾದರಿ ದೊಡ್ಡದಾದಂತೆ ಇಂತಹ ಅಂತರಗಳು ಕುಗ್ಗುತ್ತವೆ. ಸಾವಿರಾರು ಪದಗಳ ಅಧ್ಯಯನದಲ್ಲಿಯೂ ದೊಡ್ಡ ಅಂತರ ಉಳಿದರೆ ಕಾರಣವನ್ನು ಬೇರೆಡೆ ಅರಸಬೇಕು.

3. ಅಕ್ಷರದ ಎಣಿಕೆ

ಕನ್ನಡ ಪಠ್ಯಕ್ಕೆ ವಿಶಿಷ್ಟವಾದ ತೊಡಕು ಎಣಿಕೆಯದು. 'ಕನ್ನಡ' ಎಂಬುದು ವ್ಯಾಕರಣದ ದೃಷ್ಟಿಯಲ್ಲಿ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು. 'ಅಶೋಕ' ಎಂಬುದರ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಮೂರಾಗಿ ಬಿಡಿಸಿಯೂ ಬರೆಯಬಹುದಾದುದರಿಂದ ಆ ಪದ ನಾಲ್ಕು ಸಂಕೇತವೂ ಆಗಬಹುದು, ಆರೂ ಆಗಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳನ್ನು ಯಂತ್ರ ಬೇರೆಯೆಂದು ಎಣಿಸುವುದು ಹೀಗೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಏಕರೂಪಗೊಳಿಸಿದ ನಂತರವೇ ಎಣಿಸತಕ್ಕದ್ದು.

4. ಪರಿಶೀಲನೆಯ ಕ್ರಮ

ಮೊದಲು ಒಟ್ಟು ಭಾಷಿಕರ ಸಂಖ್ಯೆ ಮತ್ತು ಪ್ರತಿ ವರ್ಗದ ಎಣಿಕೆ ಹೊಂದುತ್ತವೆಯೇ ಎಂದು ನೋಡಬೇಕು. ಉತ್ತರ ದೊರೆಯದ ಪ್ರಶ್ನೆಗಳನ್ನು ಬಿಟ್ಟ ವಿಧಾನವನ್ನು ಅನಂತರ ಗುರುತಿಸಬೇಕು. ಮೂರನೆಯದಾಗಿ ಸರಾಸರಿ ಹಾಗೂ ಶೇಕಡಾವಾರುಗಳನ್ನು, ಕೊನೆಗೆ ಆಧಾರ ವರ್ಗವನ್ನು ಸಮಗೊಳಿಸಿ ಗುಣಾಂಕಗಳನ್ನು ಹೋಲಿಸಬೇಕು. ಮೊದಲ ಹೆಜ್ಜೆಯಲ್ಲಿಯೇ ಅಂಕಿಗಳು ಹೊಂದದಿದ್ದರೆ ಮುಂದಿನ ಹೋಲಿಕೆಗೆ ಅರ್ಥವಿಲ್ಲ.

ಪ್ರಕಟಿಸುವವರ ಹೊಣೆಯೂ ಇದರಲ್ಲಿ ಅಡಗಿದೆ. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಆಧಾರ ವರ್ಗ, ಅಕ್ಷರ ಎಣಿಸಿದ ಬಗೆ, ಭಾಷಿಕರ ಹೆಸರನ್ನು ತೆಗೆದ ಮೂಲ ಪಟ್ಟಿ ಇವಿಷ್ಟು ಪ್ರಬಂಧದ ಅನುಬಂಧದಲ್ಲಿದ್ದರೆ, ಮುಂದಿನ ಸಂಶೋಧಕರು ಯಾವ ತಂತ್ರಾಂಶದಿಂದಲಾದರೂ ಅದೇ ಫಲಿತವನ್ನು ಪರೀಕ್ಷಿಸಬಲ್ಲರು. ಅಚ್ಚುಪಡಿಯಿಲ್ಲದ ಶಾಸನಪಾಠವನ್ನು ಪ್ರಶ್ನಿಸುವ ವಿದ್ವತ್ಪರಂಪರೆಯು ಮೂಲ ಪಟ್ಟಿಯಿಲ್ಲದ ಅಂಕಿಗಳನ್ನೂ ಹಾಗೆಯೇ ಪ್ರಶ್ನಿಸುವುದು ಯುಕ್ತ.