ಕಳಸದ ಇಸಿಜಿ ಮಂಗಳೂರು ತಲುಪುವ ದಾರಿ

ಹೃದಯಾಘಾತದ ಲೆಕ್ಕ ನಡೆಯೋದು ನಿಮಿಷಗಳಲ್ಲಿ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೀಬೇಕು. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದೆ ಅಂತ ಅದರಲ್ಲಿ ಕಂಡರೆ (ವೈದ್ಯರ ಭಾಷೆಯಲ್ಲಿ ಇದು ಸ್ಟೆಮಿ) 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗತ್ತಾ ಅಂತ ನೋಡಬೇಕು. ಆಗಲ್ಲ ಅಂದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಅರ್ಧ ಗಂಟೆಯೊಳಗೆ ಬೀಳಬೇಕು.

ಈಗ ನಕ್ಷೆಯಲ್ಲಿ ಕಳಸ ನೋಡಿ. ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ಮಂಗಳೂರಿಗೆ ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ ದಾಟಿ ನೂರು ಕಿಲೋಮೀಟರಿಗೂ ಮೇಲೆ, ನಡುವೆ ಘಾಟಿ ರಸ್ತೆ. ಮೂಡಿಗೆರೆ ಕಡೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯಬೇಕು. 2019ರ ಆಗಸ್ಟ್‌ನಲ್ಲಿ ಆ ಘಾಟಿ ಕುಸಿದು ರಸ್ತೆಯೇ ಬಂದ್ ಆಗಿತ್ತು. ಮಳೆ ಜೋರಾದರೆ ಭದ್ರಾ ನದಿ ಹೆಬ್ಬಾಳೆ ಸೇತುವೆ ಮೇಲೆ ಹರಿದು ಹೊರನಾಡಿನ ದಾರಿ ಕಟ್ ಆಗೋದು ಪ್ರತಿ ವರ್ಷದ ಸುದ್ದಿ. ಅಂದ್ರೆ ರೋಗಿ ಎರಡು ಗಂಟೆಯಲ್ಲಿ ಆಂಜಿಯೋಪ್ಲಾಸ್ಟಿ ಟೇಬಲ್ ಮುಟ್ಟೋದು ಬಹಳ ಸಲ ಆಗದ ಮಾತು. ರೋಗಿಗಿಂತ ಮುಂಚೆ ಮಾಹಿತಿ ಘಾಟಿ ಇಳಿಯಬೇಕು, ಸಲಹೆ ಘಾಟಿ ಹತ್ತಿ ಬರಬೇಕು. ಇಂಜಿನಿಯರಿಂಗ್ ಓದೋರಿಗೆ ಇಲ್ಲಿ ಕೆಲಸ ಇದೆ. ಆ ಕೆಲಸ ಮಾಡೋರು ವರ್ಷಕ್ಕೊಮ್ಮೆಯಾದ್ರೂ ಒಂದೆಡೆ ಕೂರಬೇಕು ಅನ್ನೋದಕ್ಕೆ ಕಾರಣವೂ ಇಲ್ಲೇ ಇದೆ.

ಇಸಿಜಿಯನ್ನ ದೂರಕ್ಕೆ ಕಳಿಸೋ ಯೋಚನೆ ಇಸಿಜಿಯಷ್ಟೇ ಹಳೇದು. ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್ ಅವರ ಯಂತ್ರ ಎಷ್ಟು ದೊಡ್ಡದಿತ್ತು ಅಂದ್ರೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಕೆ ಆಗ್ತಿರಲಿಲ್ಲ. ಹಾಗಾಗಿ ಲೈಡನ್ ಊರಿನ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿ ಮೂಲಕ ರೋಗಿಯ ಹೃದಯದ ಸಂಕೇತ ತರಿಸಿಕೊಂಡರು. 1906ರಲ್ಲೇ ಅದರ ಬಗ್ಗೆ ಬರೆದರು, 1924ರಲ್ಲಿ ನೊಬೆಲ್ ಬಂತು. ನಮ್ಮ ರಾಜ್ಯದಲ್ಲಿ 2002ರ ಹೊತ್ತಿಗೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆ ಆಗಿದ್ದವು.

ಮಲೆನಾಡಿಗೆ ಹತ್ತಿರದ ಕಥೆ ಅಂದ್ರೆ ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರದ್ದು. 2018ರಲ್ಲಿ ಅವರು ಶುರು ಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಕೆಲಸದಲ್ಲಿ ತಾಂತ್ರಿಕವಾಗಿ ಹೊಸದು ಏನೂ ಇಲ್ಲ. ದಾನಿಗಳಿಂದ ಇಸಿಜಿ ಯಂತ್ರ ಕೊಡಿಸಿ ಕರಾವಳಿ ಮತ್ತು ಮಲೆನಾಡಿನ, ಚಿಕ್ಕಮಗಳೂರು ಜಿಲ್ಲೆಯೂ ಸೇರಿದಂತೆ, ಹಳ್ಳಿ ಆಸ್ಪತ್ರೆಗಳಲ್ಲಿ ಇಟ್ಟರು. ಅಲ್ಲಿನ ವೈದ್ಯರನ್ನೂ ಹೃದ್ರೋಗ ತಜ್ಞರನ್ನೂ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೋ ಹಾಕ್ತಾರೆ, ತಜ್ಞರು ನೋಡಿ ಏನು ಮಾಡಬೇಕು ಅಂತ ಹೇಳ್ತಾರೆ. ಅಷ್ಟೇ. ನಮ್ಮ ಭಾಗದಲ್ಲಿ ಆರೋಗ್ಯ ಮತ್ತು ಮಾಹಿತಿ ತಂತ್ರಜ್ಞಾನ ಕೈಕುಲುಕಿದ ಒಳ್ಳೆಯ ಉದಾಹರಣೆ ಇದೇ ಅಂತ ನನ್ನ ಅಭಿಪ್ರಾಯ. ಕೋಟಿಗಟ್ಟಲೆ ಖರ್ಚಿನ ಸಾಫ್ಟ್‌ವೇರ್ ಮಾಡದ ಕೆಲಸವನ್ನ ಪರಸ್ಪರ ಗುರುತಿದ್ದ ನಾಲ್ಕು ಜನ ಮಾಡ್ತಾರೆ. ರಾತ್ರಿ ಎರಡು ಗಂಟೆಗೆ ಆ ಕಡೆ ಯಾರು ನೋಡ್ತಾರೆ ಅನ್ನೋದು ಈ ಕಡೆಯವರಿಗೆ ಗೊತ್ತಿರತ್ತೆ.

ಸರ್ಕಾರದ್ದು ಇದರ ಮುಂದಿನ ಹೆಜ್ಜೆ. 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳು ಸ್ಪೋಕ್, ಜಯದೇವದಂಥ ದೊಡ್ಡ ಆಸ್ಪತ್ರೆಗಳು ಹಬ್. ಸೈಕಲ್ ಚಕ್ರದ ಕಡ್ಡಿ ಮತ್ತು ಗುಂಬ ನೆನಪಿಸಿಕೊಳ್ಳಿ. ಸ್ಪೋಕ್‌ನಲ್ಲಿ ತೆಗೆದ ಇಸಿಜಿಯನ್ನ ಕೃತಕ ಬುದ್ಧಿಮತ್ತೆ ಓದಿ ತಜ್ಞರಿಗೆ ಎಚ್ಚರಿಕೆ ಕೊಡತ್ತೆ, ಸ್ಟೆಮಿ ಅಂತಾದ್ರೆ ದುಬಾರಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗತ್ತೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು 12 ಲೀಡ್ ಇಸಿಜಿ ಅಂದ್ರೆ ಎಷ್ಟು ಡೇಟಾ? 12 ಅಂತ ಕರೆದರೂ ಸ್ವತಂತ್ರವಾದ ಲೀಡುಗಳು 8 ಮಾತ್ರ, ಮಿಕ್ಕ 4 ಕೂಡಿ ಕಳೆದರೆ ಸಿಗತ್ತೆ. ಸೆಕೆಂಡಿಗೆ 500 ಸ್ಯಾಂಪಲ್, 10 ಸೆಕೆಂಡ್, ಪ್ರತಿ ಸ್ಯಾಂಪಲ್‌ಗೆ 2 ಬೈಟ್ ಅಂತ ಇಟ್ಟುಕೊಳ್ಳಿ. 8 × 500 × 10 × 2, ಅಂದ್ರೆ 80,000 ಬೈಟ್. ಸುಮಾರು 80 ಕೆಬಿ. ಮಳೆಗಾಲದಲ್ಲಿ ನೆಟ್‌ವರ್ಕ್ ಕುಂಟುತ್ತಾ 50 ಕೆಬಿಪಿಎಸ್ ಸಿಕ್ಕಿದೆ ಅಂದ್ಕೊಳ್ಳಿ: 13 ಸೆಕೆಂಡಿನಲ್ಲಿ ಹೋಗಿಬಿಡತ್ತೆ. ಅದೇ ಇಸಿಜಿ ಕಾಗದದ 3 ಎಂಬಿ ಫೋಟೋ ಹಾಗೇ ಕಳಿಸಿದರೆ 8 ನಿಮಿಷ. ವಾಟ್ಸಾಪ್ ಫೋಟೋವನ್ನ ಕುಗ್ಗಿಸಿ ಸಮಯ ಉಳಿಸತ್ತೆ ನಿಜ, ಆದರೆ ಜೊತೆಗೆ ವಿವರವನ್ನೂ ತಿಂದುಹಾಕತ್ತೆ. ಇಸಿಜಿ ಕಾಗದದಲ್ಲಿ 1 ಮಿಲಿಮೀಟರ್ ಎತ್ತರ ಅಂದ್ರೆ 0.1 ಮಿಲಿವೋಲ್ಟ್. ಎಸ್‌ಟಿ ಭಾಗ ಅಂಥ ಒಂದೆರಡು ಚಿಕ್ಕ ಚೌಕದಷ್ಟು ಮೇಲೆದ್ದಿದೆಯಾ ಅನ್ನೋದರ ಮೇಲೆ ಇಂಜೆಕ್ಷನ್ ಕೊಡಬೇಕೋ ಬೇಡವೋ ನಿಂತಿದೆ. ಫೋನ್ ಓರೆಯಾಗಿ ಹಿಡಿದಿದ್ರೆ, ಟ್ಯೂಬ್‌ಲೈಟ್ ಬೆಳಕು ಕಾಗದದ ಮೇಲೆ ಹೊಳೀತಿದ್ರೆ, ನೋಡೋರ ಕಣ್ಣಿಗೆ ಅಷ್ಟೇ ಕೆಲಸ ಜಾಸ್ತಿ.

ಕಡಿಮೆ ಜಾಗ ಹಿಡಿಯೋ, ಹೆಚ್ಚು ನಿಖರವಾದ ಸಂಕೇತ ಇದ್ದರೂ ನಾವು ಫೋಟೋ ಯಾಕೆ ಕಳಿಸ್ತೀವಿ? ಫೋಟೋ ಯಾವ ಫೋನ್‌ನಲ್ಲಾದ್ರೂ ತೆರೀತದೆ. ಒಂದು ಕಂಪನಿಯ ಇಸಿಜಿ ಯಂತ್ರದ ಫೈಲು ಇನ್ನೊಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ತೆರೆಯತ್ತೆ ಅಂತ ಹೇಳೋಕಾಗಲ್ಲ. ಸಮಸ್ಯೆಯ ಬುಡ ಇದು, ಹೆಸರು ಇಂಟರ್‌ಆಪರಬಿಲಿಟಿ. ಕನ್ನಡದಲ್ಲಿ 'ಪರಸ್ಪರ ಹೊಂದಾಣಿಕೆ' ಅನ್ನಬಹುದು, ಆದರೆ ಮದುವೆ ಜಾಹೀರಾತಿನ ವಾಸನೆ ಬರತ್ತೆ.

ಈ ಬುಡಕ್ಕೆ ಕೈಹಾಕಿದ್ದು 1987ರಲ್ಲಿ ಹುಟ್ಟಿದ ಎಚ್‌ಎಲ್7. ಪೂರ್ತಿ ಹೆಸರು ಹೆಲ್ತ್ ಲೆವೆಲ್ ಸೆವೆನ್. ಆ ಏಳು ಯಾವುದು ಗೊತ್ತಾ? ನೆಟ್‌ವರ್ಕ್ಸ್ ಪೇಪರಿಗೆ ಉರು ಹೊಡೀತೀವಲ್ಲ, ಓಎಸ್‌ಐ ಮಾದರಿಯ ಏಳನೇ ಪದರ, ಅಪ್ಲಿಕೇಶನ್ ಲೇಯರ್. ಕೆಳಗಿನ ಆರು ಪದರ ಸರಿಯಿದ್ದು ಬೈಟುಗಳು ತಲುಪಿದರೂ, ಏಳನೇದರಲ್ಲಿ ಅರ್ಥ ತಲುಪದಿದ್ರೆ ಪ್ರಯೋಜನ ಇಲ್ಲ. ಒಂದು ಕಡೆ ಕಾಲಂ ಹೆಸರು 'ಪಲ್ಸ್', ಇನ್ನೊಂದು ಕಡೆ 'ಎಚ್‌ಆರ್', ಮತ್ತೊಂದು ಕಡೆ 'ಹಾರ್ಟ್ ರೇಟ್'. ಮನುಷ್ಯರಿಗೆ ಮೂರೂ ಒಂದೇ, ಯಂತ್ರಕ್ಕೆ ಮೂರೂ ಬೇರೆ. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಮುಂದಿಟ್ಟ ಹೊಸ ವಿಧಾನದಲ್ಲಿ (ಬರೆಯೋದು ಎಫ್ ಎಚ್ ಐ ಆರ್, ಓದೋದು 'ಫೈರ್') ಈ ಮಾಹಿತಿ 'ಅಬ್ಸರ್ವೇಶನ್' ಅನ್ನೋ ಒಂದು ತುಂಡಾಗಿ ಹೋಗತ್ತೆ: ಕೋಡ್ 8867-4, ಬೆಲೆ 110, ಏಕಮಾನ ನಿಮಿಷಕ್ಕೆ, ಇಂಥ ರೋಗಿ, ಇಂಥ ಹೊತ್ತು. 8867-4 ಅಂದ್ರೆ ಹೃದಯ ಬಡಿತದ ವೇಗ ಅಂತ ಲೋಯಿಂಕ್ ಎಂಬ ಕೋಡ್‌ಪಟ್ಟಿ ಹೇಳತ್ತೆ. ಜೆಸಾನ್ ಮತ್ತು ರೆಸ್ಟ್ ಎಪಿಐ ಗೊತ್ತಿರೋ ಮೂರನೇ ವರ್ಷದ ವಿದ್ಯಾರ್ಥಿಗೆ ಇದು ಒಂದು ವಾರದ ಕಲಿಕೆ.

ಆದರೆ ಮಾನದಂಡದ ಪುಸ್ತಕ ಓದಿ ಇಬ್ಬರು ಬರೆದ ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡ್ತವೆ ಅನ್ನೋ ಖಾತ್ರಿ ಇಲ್ಲ. ಇದು ಅಮೆರಿಕದವರಿಗೆ ಬೇಗ ಅರ್ಥವಾಯ್ತು. 1999ರಲ್ಲಿ ಅಲ್ಲಿ 'ಕನೆಕ್ಟಥಾನ್' ಶುರುವಾಯ್ತು. ಪೈಪೋಟಿಯ ಕಂಪನಿಗಳ ಇಂಜಿನಿಯರುಗಳು ತಂತಮ್ಮ ಯಂತ್ರಗಳನ್ನ ಹೊತ್ತು ತಂದು ಒಂದೇ ಹಾಲ್‌ನಲ್ಲಿ ಕೂತು, ಪಕ್ಕದ ಮೇಜಿನವರಿಗೆ ನಕಲಿ ರೋಗಿಯ ಮಾಹಿತಿ ಕಳಿಸ್ತಾರೆ. ಹೋಗಲಿಲ್ಲ ಅಂದ್ರೆ ಅಲ್ಲೇ ಕೋಡ್ ತಿದ್ದಿ ಮತ್ತೆ ಕಳಿಸ್ತಾರೆ. ಮೇಲುಸ್ತುವಾರಿಗೆ ತಟಸ್ಥರಾದ ನಿರ್ಣಾಯಕರು ಇರ್ತಾರೆ. ಇದರ ಹಿಂದಿದ್ದ ಸಂಸ್ಥೆಗಳಲ್ಲಿ ಒಂದು ಹಿಮ್ಸ್. 1961ರಲ್ಲಿ ಅದು ಶುರುವಾದದ್ದು ಜಾರ್ಜಿಯಾ ಟೆಕ್ ಎಂಬ ಇಂಜಿನಿಯರಿಂಗ್ ವಿದ್ಯಾಸಂಸ್ಥೆಯಲ್ಲಿ. ಇವತ್ತು ಅದರ ಪ್ರಾದೇಶಿಕ ಘಟಕಗಳು ಊರೂರಲ್ಲಿ ಸಭೆ ಸೇರ್ತವೆ. ನಮ್ಮಲ್ಲೂ 2001ರಿಂದ ಟೆಲಿಮೆಡಿಸಿನ್ ಸೊಸೈಟಿ ಆಫ್ ಇಂಡಿಯಾ ಇದೆ, 'ಟೆಲಿಮೆಡಿಕಾನ್' ಅನ್ನೋ ವಾರ್ಷಿಕ ಸಮ್ಮೇಳನ ನಡೆಯತ್ತೆ. ಇಂಥ ಸಭೆ ಅಂದ್ರೆ ವಿಸಿಟಿಂಗ್ ಕಾರ್ಡ್ ಹಂಚೋದು, ಊಟ, ಸೆಲ್ಫಿ ಅಂತ ಮೂಗು ಮುರಿಯೋರು ಉಂಟು, ಪೂರ್ತಿ ಸುಳ್ಳೂ ಅಲ್ಲ. ಮೇಜಿನ ಮೇಲೆ ಯಂತ್ರ ಇಟ್ಟು ಕೂತ ಸಭೆಯ ಹದ ಬೇರೆ.

ಭಾರತದಲ್ಲಿ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಜಾರಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದೇ ಫೈರ್ ವಿಧಾನವನ್ನ ಆರಿಸಿಕೊಂಡಿದೆ. ರೋಗಿಗೆ 14 ಅಂಕಿಯ ಆಭಾ ಸಂಖ್ಯೆ, ಒಪ್ಪಿಗೆ ಕೊಟ್ಟರೆ ಮಾತ್ರ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ. ವಿನ್ಯಾಸ ಚೆನ್ನಾಗಿದೆ. ಆದರೆ ಅದರ ದಾಖಲೆ ಮಾದರಿಗಳಲ್ಲಿ 'ಹೆಲ್ತ್ ಡಾಕ್ಯುಮೆಂಟ್ ರೆಕಾರ್ಡ್' ಅಂತ ಒಂದಿದೆ, ಅದರೊಳಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಇಟ್ಟರೂ ನಡೀತದೆ. ಹಳೇ ಕಾಗದಗಳಿಗೆ ಇದು ಬೇಕೇ ಬೇಕು. ಹೊಸ ಇಸಿಜಿಯನ್ನೂ ಹೀಗೇ ತುರುಕಿದರೆ ನಾವು ಮತ್ತೆ ಫೋಟೋಗೇ ಬಂದು ನಿಂತ ಹಾಗೆ.

ಹಾಗಾದ್ರೆ ಈ ಗುಡ್ಡಗಳಲ್ಲಿ ಇವತ್ತು ವ್ಯವಸ್ಥೆಗಳನ್ನ ಜೋಡಿಸ್ತಿರೋದು ಯಾರು? ರೋಗಿಯ ಮನೆಯವರ ಕೈಲಿರೋ ಪ್ಲಾಸ್ಟಿಕ್ ಕವರು. ಎದೆನೋವಿನ ಒಬ್ಬ ರೋಗಿಯ ಹೆಸರು ಊರಿನ ಆಸ್ಪತ್ರೆಯ ರಿಜಿಸ್ಟರ್, 108 ಆಂಬುಲೆನ್ಸಿನ ದಾಖಲೆ, ಜಿಲ್ಲಾ ಆಸ್ಪತ್ರೆಯ ಕಂಪ್ಯೂಟರ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪೋರ್ಟಲ್, ಕೊನೆಗೆ ಮಂಗಳೂರಿನ ಆಸ್ಪತ್ರೆ ಹೀಗೆ ಐದು ಕಡೆ ಬರೆಸಿಕೊಳ್ಳತ್ತೆ. ಐದೂ ಕಡೆ ಒಂದೇ ಥರ ಇರತ್ತಾ? ಲಕ್ಷ್ಮಮ್ಮ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ ಒಬ್ಬರು 'ಕೆಎಸ್‌ಎಚ್' ಹಾಕಿ ಬರೀತಾರೆ, ಇನ್ನೊಬ್ಬರು 'ಎಕ್ಸ್' ಹಾಕಿ ಮುಗಿಸ್ತಾರೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಹೆಸರಂತೂ ಬರೆದವರ ಕಿವಿಗೆ ಬಿಟ್ಟದ್ದು. ಫೋನ್ ನಂಬರ್ ಮೇಸ್ತ್ರಿಯದ್ದು. ಹೆಸರನ್ನ ಕನ್ನಡದಲ್ಲೇ ಬರೆದು ಯೂನಿಕೋಡಿನಲ್ಲಿ ಉಳಿಸಿದ್ರೆ ಲಕ್ಷ್ಮಮ್ಮನಿಗೆ ಒಂದೇ ಕಾಗುಣಿತ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡದ ತಂತ್ರಾಂಶಕ್ಕಾಗಿ ಹಠ ಹಿಡಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆ ಇತ್ತು. ಅವರ ಊರಿನ ಆಸ್ಪತ್ರೆ ಚೀಟಿಯಲ್ಲಿ ಕನ್ನಡದ ಹೆಸರು ಕೇಳೋದು ದೊಡ್ಡ ಬೇಡಿಕೆ ಅಲ್ಲ.

ದಾಖಲೆ ಚದುರಿದ್ರೆ ಒಬ್ಬ ರೋಗಿಗಷ್ಟೇ ತೊಂದರೆ ಅಂದ್ಕೋಬೇಡಿ. 2025ರಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದು ಜನ ಗಾಬರಿಯಾದಾಗ ಮೊದಲು ಬೇಕಾಗಿದ್ದ ಉತ್ತರ, ಇದು ಹಿಂದಿನ ವರ್ಷಗಳಿಗಿಂತ ಹೆಚ್ಚಾ ಅನ್ನೋದು. ಸರ್ಕಾರ ತಜ್ಞರ ಸಮಿತಿ ಮಾಡಿ ಹುಡುಕಿಸಬೇಕಾಯ್ತು.

ಈಗ ನನ್ನ ಪ್ರಸ್ತಾಪ. ಚಿಕ್ಕಮಗಳೂರಲ್ಲಿ ಒಂದು ದಿನದ ಸಭೆ ಮಾಡೋಣ. ಊರಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಜಿಲ್ಲಾ ಆಸ್ಪತ್ರೆ ಇದೆ. ಭಾಷಣ ಒಂದೇ ಇರಲಿ, ಅದೂ ಹದಿನೈದು ನಿಮಿಷ. ಕಳಸ, ಮೂಡಿಗೆರೆ ಕಡೆಯ ವೈದ್ಯಾಧಿಕಾರಿಗಳ ಜೊತೆ ಸ್ಟಾಫ್ ನರ್ಸ್, 108ರ ಸಿಬ್ಬಂದಿ, ಡೇಟಾ ಎಂಟ್ರಿ ಮಾಡೋರು, ಆಶಾ ಕಾರ್ಯಕರ್ತೆಯರು ಬರಲಿ, ಅವರೇ ಮೊದಲ ಸಾಲಲ್ಲಿ ಕೂರಲಿ. ಸಾಫ್ಟ್‌ವೇರ್ ಮಾಡಿದವರು ಎದುರಿಗೆ. ಬಿಎಸ್‌ಎನ್‌ಎಲ್ ಮತ್ತು ಮೆಸ್ಕಾಂನಿಂದ ಒಬ್ಬೊಬ್ಬರನ್ನ ಕರೀಲೇಬೇಕು. ಕರೆಂಟ್ ಹೋಗಿ ಬ್ಯಾಟರಿ ಮುಗಿದ ಮೇಲೆ ಟವರ್ ಮಲಗತ್ತೆ, ಆಮೇಲೆ ಏಳನೇ ಪದರದ ಮಾತು ಯಾಕೆ, ಒಂದನೇ ಪದರವೇ ಇರಲ್ಲ. ಅಂಥ ಹೊತ್ತಿಗೆ ಇಸಿಜಿ ಫೋನಿನಲ್ಲೇ ಸರದಿಯಲ್ಲಿ ಕೂತಿದ್ದು, ಸಿಗ್ನಲ್ ಬಂದ ತಕ್ಷಣ ತಾನಾಗಿ ಹೊರಡಬೇಕು. ಹೋಯ್ತೋ ಇಲ್ವೋ ಅಂತ ನರ್ಸಿಗೆ ಪರದೆ ಮೇಲೆ ದೊಡ್ಡದಾಗಿ ಕಾಣಬೇಕು. ಇದನ್ನ ಬರೆಯೋದು ಕಷ್ಟ ಅಲ್ಲ. ಬೆಂಗಳೂರಿನ ವೈಫೈಯಲ್ಲಿ ಕೂತು ಬರೆದವರಿಗೆ ಇದರ ಅಗತ್ಯ ಹೊಳೆಯೋದು ಕಷ್ಟ.

ಗೋಪ್ಯತೆ ಬಗ್ಗೆಯೂ ಮಾತಾಗಲಿ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸಾಪ್‌ನಂಥ ಚಾಟ್‌ಗಳನ್ನ ಒಪ್ಪಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯ ಪ್ರಶ್ನೆ ಎತ್ತಿದೆ. ಗುಂಪಿಗೆ ಹಾಕೋ ಇಸಿಜಿ ಮೇಲೆ ಹೆಸರು ಬೇಕಾ, ವಯಸ್ಸು ಮತ್ತು ನೋವು ಶುರುವಾದ ಹೊತ್ತು ಸಾಕಾ? ಇದನ್ನ ವೈದ್ಯರೇ ಕೂತು ತೀರ್ಮಾನಿಸಬೇಕು, ನಾವು ಅದಕ್ಕೆ ತಕ್ಕ ಪರದೆ ಮಾಡಿಕೊಡಬಹುದು.

ಯಾವಾಗ ಮಾಡೋದು? ಡಿಸೆಂಬರ್ ಹಿತವಾಗಿರತ್ತೆ, ಆದರೆ ಕಾಫಿ ಕೊಯ್ಲು, ಊರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜುಲೈ ಬೇಡ, ಮಳೆ ಅಂತೀರಾ? ನಾನು ಜುಲೈಯೇ ಅಂತೀನಿ. ಜನ ಚಿಕ್ಕಮಗಳೂರಲ್ಲಿರಲಿ, ಎರಡು ತಂಡ ಮಾತ್ರ ಮೊದಲ ದಿನವೇ ಕಳಸಕ್ಕೂ ಕೊಟ್ಟಿಗೆಹಾರಕ್ಕೂ ಹೋಗಿ ಉಳೀಲಿ, ಅಲ್ಲಿಂದ ನಕಲಿ ರೋಗಿಯ ಇಸಿಜಿ ಕಳಿಸಲಿ. ಎಷ್ಟು ನಿಮಿಷಕ್ಕೆ ಬಂತು, ಎಲ್ಲಿ ನಿಂತಿತು ಅಂತ ಗೋಡೆ ಮೇಲೆ ಬರೀತಾ ಹೋಗೋಣ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಡಿಜಿಟಲ್ ಮಿಷನ್‌ನ ಸ್ಯಾಂಡ್‌ಬಾಕ್ಸ್ ನೋಂದಣಿಗೆ ತೆರೆದಿದೆ, ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಮಾನದಂಡ ಕೇಂದ್ರ ಭಾರತದ ಫೈರ್ ಮಾದರಿಗಳನ್ನ ಉದಾಹರಣೆ ಸಮೇತ ಪ್ರಕಟಿಸಿದೆ. ಆಸಕ್ತಿ ಇರೋರು ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಒಂದು ಪರೀಕ್ಷಾ ರೋಗಿಯನ್ನ ಸೃಷ್ಟಿ ಮಾಡಿ. ಹೆಸರು ಲಕ್ಷ್ಮಮ್ಮ, ಕನ್ನಡದಲ್ಲಿ. ವಯಸ್ಸು 54. ಊರು ಹೊರನಾಡು, ಸೇತುವೆ ಮುಳುಗಿದೆ. ಫೋನ್ ನಂಬರ್ ಮಗನದ್ದು, ಮಗ ಬೆಂಗಳೂರಲ್ಲಿದ್ದಾನೆ, ಓಟಿಪಿ ಅವನಿಗೆ ಹೋಗತ್ತೆ.