ಉರಿಯಿಲ್ಲದ ಸುಟ್ಟಗಾಯ

ಹೊಸದಾಗಿ ಸಂಸಾರ ಹೂಡಿದ್ದೀಯ, ಪುಟ್ಟಿ. ಒಲೆ ಮುಂದೆ ನಿಂತ ಮೇಲೆ ಕೈ ಸುಡುವುದು ಇದ್ದದ್ದೇ. ಆದರೆ ಸುಟ್ಟಗಾಯವನ್ನು ಅಳುವಿನಿಂದ ಅಳೆಯಬೇಡ. ನರ್ಸಾಗಿ ದುಡಿದವಳ ಮಾತಿದು: ಬಾಯಿ ಬಡಿದುಕೊಳ್ಳುವವರಿಗಿಂತ "ನೋವೇ ಇಲ್ಲ ಸಿಸ್ಟರ್" ಎನ್ನುವವರನ್ನು ಕಂಡರೆ ನಮಗೆ ಹೆಚ್ಚು ದಿಗಿಲು.

ಬಾಣಲೆಯ ಅಂಚು ತಾಕಿ ಚರ್ಮ ಕೆಂಪಗೆ ಚುರುಗುಟ್ಟಿತು, ಬೊಬ್ಬೆ ಏಳಲಿಲ್ಲ ಎಂದರೆ ಅದು ಮೊದಲ ಡಿಗ್ರಿ. ವಾರದೊಳಗೆ ಮಾಯುತ್ತದೆ. ಬೊಬ್ಬೆ ಎದ್ದು, ಅಡಿಯ ಚರ್ಮ ಗುಲಾಬಿ ಬಣ್ಣದಲ್ಲಿ ಒದ್ದೆಯಾಗಿದ್ದು, ಗಾಳಿ ಸೋಕಿದರೂ ಜೀವ ಹೋಗುವಷ್ಟು ಉರಿದರೆ ಎರಡನೆಯದು. ಒತ್ತಿದಾಗ ಬೆಳ್ಳಗಾಗಿ, ಬೆರಳು ತೆಗೆದೊಡನೆ ಕೆಂಪೇರಿದರೆ ಒಳಗೆ ರಕ್ತ ಓಡುತ್ತಿದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಗುಣ. ಅದೇ ಮಚ್ಚೆಮಚ್ಚೆಯಾಗಿ, ಒತ್ತಿದರೂ ಬಣ್ಣ ಬದಲಾಗದೆ, ಉರಿಯೂ ಮಂದವಾಗಿದ್ದರೆ ಬೇಗೆ ಆಳಕ್ಕಿಳಿದಿದೆ. ಬಿಳಿಚಿಯೋ ಕಂದಾಗಿಯೋ ಹದ ಮಾಡಿದ ತೊಗಲಿನಂತೆ ಬಿರುಸಾಗಿದ್ದರೆ ಮೂರನೆಯ ಡಿಗ್ರಿ. ನೋವು ಹೇಳುವ ನರವೇ ಸುಟ್ಟಿರುವಾಗ ನೋವು ಎಲ್ಲಿಂದ ಬರಬೇಕು? ಅಲ್ಲಿಗೆ ಹೆಚ್ಚಾಗಿ ಚರ್ಮದ ಕಸಿಯೇ ಆಗಬೇಕು.

ಮೊದಲ ದಿನದ ನೋಟವನ್ನು ಪೂರಾ ನಂಬಬೇಡ. ಮೇಲುಮೇಲಿನದೆಂದುಕೊಂಡ ಗಾಯ ಎರಡು ಮೂರು ದಿನದಲ್ಲಿ ಆಳವಾಗುವುದುಂಟು. ಇನ್ನೊಮ್ಮೆ ತೋರಿಸು.

ಅಗಲಕ್ಕೂ ಒಂದು ಲೆಕ್ಕವಿದೆ. ಗಾಯವಾದವರದೇ ಅಂಗೈ, ಬೆರಳು ಸೇರಿ, ಮೈಯ ಸುಮಾರು ಶೇ. 1. ಬರೀ ಕೆಂಪಾದ ಜಾಗವನ್ನು ಎಣಿಸಬಾರದು. ಮಕ್ಕಳಲ್ಲಿ ಶೇ. 10, ದೊಡ್ಡವರಲ್ಲಿ ಶೇ. 15 ದಾಟಿದರೆ ಡ್ರಿಪ್ ಬೇಕಾಗುತ್ತದೆ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟರೆ ಮಾತ್ರ ಅಳತೆ ಹಿಡಿಯುತ್ತ ಕೂರಬೇಡ, ಹೊರಡು. ಕರೆಂಟ್ ಹೊಡೆದಾಗಲೂ ಅಷ್ಟೆ: ಹೊರಗೆ ಚಿಕ್ಕ ಕಲೆ, ಒಳಗೆ ಮಾಂಸವೇ ಬೆಂದಿರಬಹುದು, ಹೃದಯದ ಬಡಿತ ತಪ್ಪಿರಬಹುದು. ಮಕ್ಕಳ ಚರ್ಮ ತೆಳು. 60 ಡಿಗ್ರಿ ಸೆಲ್ಸಿಯಸ್‌ನ ಸ್ನಾನದ ನೀರು ದೊಡ್ಡವರಿಗೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಕೂಸಿಗೆ ಅಷ್ಟೂ ಬೇಡ.

ಸುಟ್ಟೊಡನೆ ಬಳೆ, ಉಂಗುರ ತೆಗೆದುಬಿಡು. ಊದಿದ ಮೇಲೆ ಬರುವುದಿಲ್ಲ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿ. ಐಸ್ ಬೇಡ. ಬೊಬ್ಬೆ ಒಡೆಯಬೇಡ. ನಿಮ್ಮತ್ತೆ ಟೂತ್‌ಪೇಸ್ಟನ್ನೋ ಅರಿಶಿನವನ್ನೋ ಹಿಡಿದು ಬಂದೇ ಬರುತ್ತಾರೆ. ಜಗಳವಾಡಬೇಡ, "ಡಾಕ್ಟರು ಚರ್ಮದ ಬಣ್ಣ ನೋಡಬೇಕಂತೆ ಅತ್ತೆ" ಎನ್ನು. ಸುಳ್ಳೇನಲ್ಲ. ಬಳಿದದ್ದನ್ನೆಲ್ಲ ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯುವಾಗ ಅನುಭವಿಸುವವಳು ನೀನೇ.