ಮಳೆಯ ಮಣ್ಣು, ಮಂಜಿನ ಮಣ್ಣು

ಉಡುಪಿ ಜಿಲ್ಲೆಯ ನಂದಿಕೂರಿನ ಸುತ್ತಿನಲ್ಲಿ ಬಾವಿ ತೋಡುವವರಿಗೆ ಮೊದಲು ಕೆಂಪು ಮಣ್ಣು, ಅದರಡಿಯಲ್ಲಿ ಮುರಕಲ್ಲು ಎದುರಾಗುತ್ತದೆ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾದ ಈ ಕಲ್ಲು ಗಾಳಿ ಬಿಸಿಲು ತಾಗಿದೊಡನೆ ಗಟ್ಟಿಯಾಗತೊಡಗಿ, ಗೋಡೆ ಕಟ್ಟಲು ಯೋಗ್ಯವಾಗುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಜಂಬಿಟ್ಟಿಗೆ ಎಂದು ಹೆಸರು. ಇದು ಮಳೆಯ ಸೃಷ್ಟಿ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ನೀರು ಬೆಚ್ಚನೆಯ ನೆಲದೊಳಕ್ಕೆ ಇಳಿದು ಬಂಡೆಯಲ್ಲಿರುವ ಸುಣ್ಣ, ಪೊಟ್ಯಾಷ್, ಸಿಲಿಕಗಳನ್ನು ಯುಗಯುಗಗಳಿಂದ ಕರಗಿಸಿ ಒಯ್ಯುತ್ತಿದೆ. ಹಿಂದೆ ಉಳಿಯುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡು. ಗದ್ದೆ ತೋಟಗಳಿಗೆ ಬೂದಿಯನ್ನೂ ಸುಣ್ಣವನ್ನೂ ಹಾಕುವ ರೈತನು ಮಳೆ ಒಯ್ದುದರಲ್ಲಿ ಒಂದಂಶವನ್ನು ನೆಲಕ್ಕೆ ಹಿಂದಿರುಗಿಸುತ್ತಾನೆ.

ಮಳೆಯೇ ಬೀಳದ, ನೀರು ಬಹುಕಾಲ ಹೆಪ್ಪುಗಟ್ಟಿಯೇ ಇರುವ ನಾಡಿನಲ್ಲಿ ಮಣ್ಣು ಹೇಗಿರುತ್ತದೆ? ಅಂಟಾರ್ಕ್ಟಿಕದ ಬಹುಭಾಗವನ್ನು ಹಿಮವು ಮುಚ್ಚಿದ್ದರೂ ಅಲ್ಲಲ್ಲಿ ಬರಿನೆಲವಿದೆ. ಭಾರತವು 1989ರಲ್ಲಿ ಸ್ಥಾಪಿಸಿದ ಮೈತ್ರಿ ಕೇಂದ್ರವು ಅಂತಹ ಶಿಲಾಭೂಮಿಯ ಮೇಲಿದೆ. ಮೆಕ್‌ಮರ್ಡೊ ಒಣಕಣಿವೆಗಳು ಇನ್ನೂ ಶುಷ್ಕವಾದವು. ಅವು ಧ್ರುವ ಮರುಭೂಮಿಗಳೆನಿಸುತ್ತವೆ. ಮಂಜೆಂದರೆ ಮಾಗಿಯ ಬೆಳಗಿನಲ್ಲಿ ಗದ್ದೆಯ ಮೇಲೆ ಕವಿಯುವ ಮಬ್ಬೆಂದಷ್ಟೇ ತಿಳಿದ ನಮ್ಮ ಕರಾವಳಿಯ ಮಕ್ಕಳಿಗೆ ಅದು ನೆಲವನ್ನು ಉಳಬಲ್ಲದೆಂಬುದು ವಿಚಿತ್ರವೆನಿಸಬಹುದು.

ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಬಿರುಕಿನೊಳಗೆ ಹಿಗ್ಗಿದ ಮಂಜು ಬಂಡೆಯನ್ನು ಸೀಳುತ್ತದೆ. ಆದರೆ ಚೂರಾದರೂ ಬಂಡೆಯ ಗುಣ ಬದಲಾಗುವುದಿಲ್ಲ. ತೇವವುಳ್ಳ ನೆಲವಾದರೆ ಹೆಪ್ಪುಗಟ್ಟುವಾಗ ಮಣ್ಣು ಉಬ್ಬಿ ಕಲ್ಲನ್ನು ಮೇಲೆತ್ತುತ್ತದೆ. ಕರಗುವಾಗ ಕಲ್ಲಿನಡಿಯ ತೆರಪಿಗೆ ನುಣ್ಣನೆಯ ಮಣ್ಣು ಜಾರಿ ಬೀಳುವುದರಿಂದ ಕಲ್ಲು ಮೊದಲಿನ ಸ್ಥಾನಕ್ಕೆ ಇಳಿಯಲಾರದು. ಹೀಗೆ ಮೇಲೆ ಬಂದ ಕಲ್ಲುಗಳು ಕ್ರಮೇಣ ಅಂಚಿಗೆ ಸರಿದು, ಉತ್ತರ ಧ್ರುವಪ್ರದೇಶದ ಸ್ಪಿಟ್ಸ್‌ಬರ್ಗೆನ್ ದ್ವೀಪದಲ್ಲಿ ಯಾರೋ ಕೈಯಿಂದ ಜೋಡಿಸಿದಂತಹ ಉಂಗುರಗಳಾಗಿವೆ. ಕಡುಚಳಿಗೆ ಹೆಪ್ಪುಗಟ್ಟಿದ ನೆಲವೇ ಕುಗ್ಗಿ ಬಿರಿಯುವುದೂ ಉಂಟು. ಮೇಲಿಂದ ನೋಡಿದರೆ ಅದು ಕೊಯ್ಲಿನ ಬಳಿಕ ಒಣಗಿದ ಗದ್ದೆಯಂತೆ ಕಾಣುತ್ತದೆ. ಆದರೆ ಗದ್ದೆಯ ಬಿರುಕನ್ನು ಮುಂದಿನ ಮಳೆ ಮುಚ್ಚುತ್ತದೆ; ಒಣಕಣಿವೆಯ ಬಿರುಕಿಗೆ ಮರಳು ತುಂಬಿಕೊಳ್ಳುವುದರಿಂದ ಅದು ಮತ್ತೆ ಕೂಡದೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ.

ಅಲ್ಲಿ ತೊಳೆಯುವ ಮಳೆಯಿಲ್ಲವಾದುದರಿಂದ ಲವಣಗಳೂ ಮಣ್ಣಿನಲ್ಲಿಯೇ ಶೇಖರವಾಗುತ್ತವೆ. ಆದರೂ ಆ ಮಣ್ಣನ್ನು ನಿರ್ಜೀವವೆನ್ನುವುದು ಸರಿಯಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಎಳೆಯಂತಹ ಹುಳುಗಳೂ ಅಲ್ಲಿವೆ. ಮನುಷ್ಯನ ಹೆಜ್ಜೆ ಬಿದ್ದರೆ ಆ ಗುರುತು ದಶಕಗಳವರೆಗೆ ಅಳಿಯದು. 2004ರಲ್ಲಿ ಒಣಕಣಿವೆಗಳನ್ನು ವಿಶೇಷ ನಿರ್ವಹಣೆಯ ಪ್ರದೇಶವೆಂದು ಸಾರಲಾಯಿತು. ವಿಜ್ಞಾನಿಗಳು ಸಹ ಅಲ್ಲಿ ಕಾಲುಹಾದಿಯಿರುವಲ್ಲಿ ಅದರಲ್ಲಿಯೇ ನಡೆಯಬೇಕು.

ಕರಾವಳಿಯ ಹಸುರನ್ನು ಕಂಡವರು ಇಲ್ಲಿನ ಮಣ್ಣಿಗೆ ಅಂತಹ ಭಯವಿಲ್ಲವೆಂದುಕೊಳ್ಳುವುದುಂಟು. ಮುರಕಲ್ಲಿನ ಕೋರೆಗಳನ್ನು ನೋಡಿದರೆ ಹಾಗೆನಿಸದು. ಮೇಲ್ಮಣ್ಣನ್ನು ಮೊದಲೇ ಬದಿಗಿರಿಸಿ, ಕಲ್ಲು ತೆಗೆದ ಮೇಲೆ ಮರಳಿ ಹರಡಿದ ಕಡೆ ಗಿಡ ಬೇರೂರುತ್ತದೆ. ಆ ತೆಳುವಾದ ಮಣ್ಣನ್ನೂ ಸಾಗಿಸಿಬಿಟ್ಟ ಕಡೆ, ಆಷಾಢದ ಮಳೆ ಬರಿಯ ಗುಂಡಿಯನ್ನು ತುಂಬಿ ಹೋಗುತ್ತದೆ.